ಟಿಪ್ಪುವಿನ ಪಡೆ ಚದುರಿದ ಮೇಲೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮೈಸೂರು ಸೀಮೆಯಲ್ಲಿ ಸಾವಿರಾರು ಜನರ ಸಂಬಳ ಒಮ್ಮೆಲೇ ನಿಂತಿತು. ಕುದುರೆ ಸವಾರರು, ಕಾಲಾಳುಗಳು, ಕೋಟೆ ಕಾವಲಿನವರು, ಅವರನ್ನೇ ನಂಬಿದ್ದ ಕಮ್ಮಾರರು, ದರ್ಜಿಗಳು, ಸಣ್ಣ ವ್ಯಾಪಾರಿಗಳು ಎಲ್ಲರೂ ಬೀದಿಗೆ ಬಿದ್ದರು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದ ಪಟ್ಟಣದಲ್ಲಿ ಮರುವರ್ಷ ಉಳಿದವರು ಸುಮಾರು 32,000 ಎಂಬುದು ಕಂಪನಿ ಸರ್ಕಾರದ ಪರವಾಗಿ ನಾಡನ್ನು ಸಮೀಕ್ಷಿಸಲು ಅಲ್ಲಿಗೆ ಬಂದಿದ್ದ ಫ್ರಾನ್ಸಿಸ್ ಬುಕಾನನ್‌ನ ಅಂದಾಜು. ಕನ್ನಡ ನಾಡಿನ ಇತಿಹಾಸದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಕೆಲಸ ಹೋದದ್ದೂ, ಅದಕ್ಕೊಂದು ಆಡಳಿತ ತಲೆಕೊಟ್ಟದ್ದೂ ದಾಖಲೆಯಲ್ಲಿ ಸಿಗುವ ಸಂದರ್ಭಗಳು ಹೆಚ್ಚಿಲ್ಲ.

ಮೇಲಿನವರಿಗೆ ಬೇಗನೆ ದಾರಿಯಾಯಿತು. ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ಕಮಿಷನರುಗಳು ಟಿಪ್ಪುವಿನ ಹಿರಿಯ ಅಧಿಕಾರಿಗಳಿಗೂ ಯುದ್ಧದಲ್ಲಿ ಸತ್ತ ಸರದಾರರ ಕುಟುಂಬಗಳಿಗೂ ವಿಶ್ರಾಂತಿ ವೇತನ ಗೊತ್ತುಮಾಡಿದರು. ಟಿಪ್ಪುವಿನ ಸರದಾರ ಮೀರ್ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದಲ್ಲಿ ಜಹಗೀರು ಸಿಕ್ಕಿತು. ಸಾಮಾನ್ಯ ಸಿಪಾಯಿಯ ಪಾಡು ಬೇರೆ. ಬೆಂಗಳೂರಿಗೆ ದಿನವೂ ಬರುತ್ತಿದ್ದ ಮುಸ್ಲಿಂ ಸೈನಿಕರ ಬಗ್ಗೆ ಬುಕಾನನ್ ಬರೆದಿದ್ದಾನೆ. ಕೈಯಲ್ಲಿ ನಾಲ್ಕು ಕಾಸಿದ್ದವರು ಚಿಲ್ಲರೆ ವ್ಯಾಪಾರಕ್ಕೆ ಇಳಿದರು. ಇಲ್ಲದವರು ರೈತರ ಮನೆಯಲ್ಲಿ ಆಳಾಗಿಯೋ ದಿನಗೂಲಿಗೋ ನಿಂತರು. ಬೇಸಾಯ ಗೊತ್ತಿಲ್ಲದ ಕಾರಣ ಬೇರೆ ಆಳು ಸಿಗದಾಗ ಮಾತ್ರ ಅವರಿಗೆ ಕರೆ, ಕೂಲಿಯೂ ಕಡಿಮೆ. ಹಾಗಿದ್ದರೂ ತಮ್ಮ ಸುಲ್ತಾನನನ್ನು ಕೊಂದ ಕಂಪನಿಯ ಪಡೆ ಸೇರುವುದಕ್ಕಿಂತ ಈ ಕೂಲಿಯೇ ಮೇಲೆಂದು ಅವರು ಭಾವಿಸಿದ್ದರು. ನಿನ್ನೆವರೆಗೆ ಕತ್ತಿ ಹಿಡಿದ ಕೈ ಗುದ್ದಲಿ ಹಿಡಿಯಲು ಕಲಿಯುವ ಈ ನೋವಿಗೆ ಆಡಳಿತದಿಂದ ಸಿಕ್ಕ ಆಸರೆ ತೀರ ಕಡಿಮೆ.

ಆಸರೆ ಸಿಗದ ಕಡೆ ಏನಾಗುತ್ತದೆಂಬುದನ್ನು ಧೋಂಡಿಯ ವಾಘ್ ತೋರಿಸಿದ. ಚನ್ನಗಿರಿಯ ಈತ ಟಿಪ್ಪುವಿನ ಸೆರೆಯಲ್ಲಿದ್ದು, ಪಟ್ಟಣ ಬಿದ್ದ ದಿನ ಹೊರಬಂದ. ಕೆಲಸ ಕಳೆದುಕೊಂಡ ಸವಾರರು ಅವನ ಸುತ್ತ ಸೇರಿದರು. ಬಿದನೂರು ಸೀಮೆಯಲ್ಲಿ ಲೂಟಿ ಶುರುವಾಯಿತು. ಕಂಪನಿಯ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿ ಹೋಗಿ 1800ರ ಸೆಪ್ಟೆಂಬರ್ 10ರಂದು ಅವನನ್ನು ಕೊಲ್ಲುವವರೆಗೂ ಮೈಸೂರಿಗೆ ನೆಮ್ಮದಿ ಇರಲಿಲ್ಲ. ಇತ್ತ ಹಾಸನದ ಪಶ್ಚಿಮಕ್ಕೆ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕ ಮಂಜರಾಬಾದಿನ ಕಾಡುಗಳಲ್ಲಿ ಸ್ವತಂತ್ರನಾಗಲು ನೋಡಿದ. 1802ರಲ್ಲಿ ಸೆರೆಸಿಕ್ಕಿ ಗಲ್ಲಿಗೇರಿದ.

ಟಿಪ್ಪುವಿನ ನಂತರ ಮೈಸೂರಿನ ಆಡಳಿತ ಹೊತ್ತ ದಿವಾನ್ ಪೂರ್ಣಯ್ಯ ಟಿಪ್ಪುವಿನ ಆಡಳಿತದಲ್ಲೇ ಪಳಗಿದವರು. ಬಂದೂಕು ಬಲ್ಲ, ಬೇರೆ ಕಸುಬು ಅರಿಯದ ಮನುಷ್ಯ ಊರಲ್ಲಿ ಸುಮ್ಮನೆ ಕೂರುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಅವರು ಹಿಡಿದದ್ದು ಹಳೆಯ ಕಂದಾಚಾರವನ್ನು, ಅಂದರೆ ಊರಿನ ಆಳುಗಳ ಕಾವಲು ಪಡೆಯ ಏರ್ಪಾಡನ್ನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಣ ನಾಡು ಮೈಸೂರಿಗೆ ಸೇರುವ ಮೊದಲು ಪಾಳೆಯಗಾರರ ಕೈಯಲ್ಲಿತ್ತು. ಇಂಥ ಸೀಮೆಗಳಲ್ಲಿ ಹೊಲವನ್ನೂ ಉತ್ತು ಕರೆ ಬಂದಾಗ ಆಯುಧವನ್ನೂ ಹಿಡಿಯುವ ಮನೆತನಗಳಿದ್ದವು. ಅಂಥ ಪ್ರತಿ ಮನೆಯಿಂದ ಕನಿಷ್ಠ ಒಬ್ಬನನ್ನು ಸರ್ಕಾರಿ ಚಾಕರಿಗೆ ಬರೆದುಕೊಳ್ಳುವುದು ಪೂರ್ಣಯ್ಯನವರ ಕ್ರಮ. ಊರಲ್ಲೇ ಇದ್ದರೆ ತಿಂಗಳಿಗೆ 2ರಿಂದ 3 ರೂಪಾಯಿ ಸಂಬಳ. ಪರಸ್ಥಳಕ್ಕೆ ಹೊರಟರೆ ಮೇಲೆ ಭತ್ಯೆ. ಹೀಗೆ ಸೇರಿದವರ ಸಂಖ್ಯೆ ಸುಮಾರು 20,000. ಖಜಾನೆ ಕಾಯುವುದು, ಕಂದಾಯದ ಹಣದ ಜತೆಗೆ ಹೋಗುವುದು, ಕಳ್ಳರನ್ನು ಹಿಡಿಯುವುದು, ಕೋಟೆ ಬಾಗಿಲಲ್ಲಿ ನಿಲ್ಲುವುದು ಇವರ ಕೆಲಸ.

ಸಂಬಳ ಅಲ್ಪವೇ. ಆದರೆ ಆಳು ಊರು ಬಿಡಬೇಕಿರಲಿಲ್ಲ, ಹೊಲ ಪಾಳು ಬೀಳುತ್ತಿರಲಿಲ್ಲ, ಊರವರ ಮುಂದೆ ಅವನ ಮರ್ಯಾದೆಯೂ ಉಳಿಯಿತು. ಸರ್ಕಾರಕ್ಕೂ ಅಗ್ಗದ ಕಾವಲು ದಕ್ಕಿತು. ಈ ಏರ್ಪಾಡಿನ ಬಲ ಇದರಲ್ಲಿದೆ. ನೆಲದ ನಂಟಿಲ್ಲದ, ಟಿಪ್ಪುವಿನ ಖಾಯಂ ಪಡೆಯ ಸಿಪಾಯಿಗೆ ಮಾತ್ರ ಇದು ಅಷ್ಟಾಗಿ ಒದಗಲಿಲ್ಲ. ಬೆಂಗಳೂರಿನ ದಿನಗೂಲಿ ಅಂಥವನದು.

ಸ್ವಂತ ಕುದುರೆ, ಆಯುಧ ಇದ್ದವರಿಗೆ ಸಿಲೇದಾರ ಪಡೆ ತೆರೆದಿತ್ತು. ಕುದುರೆಯ ಮೇವು, ಲಾಳ, ಜೀನು ಎಲ್ಲ ಸವಾರನದೇ ಖರ್ಚು. ಕುದುರೆ ಸತ್ತರೆ ಅವನ ಬದುಕಿಗೇ ಪೆಟ್ಟು. 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಸವಾರರು ವೆಲ್ಲೆಸ್ಲಿಯ ಜತೆಗಿದ್ದರು. ಕಂಪನಿಯೊಡನೆ ಆದ 1807ರ ಒಪ್ಪಂದ 4,000 ಸವಾರರನ್ನು ಸದಾ ಇಟ್ಟುಕೊಳ್ಳುವಂತೆ ಮೈಸೂರನ್ನು ಕಟ್ಟಿಹಾಕಿತು. ಕೆಲಸ ಕೊಟ್ಟ ಈ ಷರತ್ತು ಖಜಾನೆಗೆ ಹೊರೆಯೂ ಆಯಿತು. ಅದೇ ಹೊತ್ತಿಗೆ ಮಧ್ಯ ಭಾರತದಲ್ಲಿ ಇಂಥ ಆಸರೆ ಕಾಣದ ಸವಾರರಲ್ಲಿ ಅನೇಕರು ಲೂಟಿಕೋರ ಪಿಂಡಾರಿ ಗುಂಪುಗಳನ್ನು ಸೇರಿದರು. ಅವರನ್ನು ಅಡಗಿಸಲು 1817–18ರಲ್ಲಿ ಕಂಪನಿ ದೊಡ್ಡ ಯುದ್ಧವನ್ನೇ ಹೂಡಬೇಕಾಯಿತು.

ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಟ್ಟರು. ಮುಂದಿನ ಎರಡು ದಶಕಗಳಲ್ಲಿ ಸೈನಿಕರ ಸಂಬಳ ಬಾಕಿ ಬೀಳುತ್ತಾ ಬಂತು. 1830–31ರ ನಗರ (ಬಿದನೂರು) ಸೀಮೆಯ ದಂಗೆಯ ನಂತರ ಕಂಪನಿಯೇ ಆಡಳಿತ ವಹಿಸಿಕೊಂಡಿತು. ಕಮಿಷನರುಗಳ ಕಾಲದಲ್ಲೂ ಕಂದಾಚಾರದ ಆಳುಗಳು ಅಮಲ್ದಾರರ ಕೈಕೆಳಗೆ ತಾಲ್ಲೂಕಿನ ಕಾವಲು ಮತ್ತು ಕಂದಾಯದ ಕೆಲಸ ಮಾಡುತ್ತಲೇ ಇದ್ದರು. 1860ರ ದಶಕದಲ್ಲಿ ಲ್ಯೂಯಿನ್ ಬೌರಿಂಗ್ ಆಡಳಿತ ಪೊಲೀಸ್ ಇಲಾಖೆಯನ್ನು ಹೊಸದಾಗಿ ಕಟ್ಟಲು ಕೈಹಾಕಿತು.