ಅಣ್ವಸ್ತ್ರ ನೆಲೆಗಳ ಎದುರು ಮಹಿಳೆಯರ ಹೋರಾಟ

ಅಣ್ವಸ್ತ್ರಗಳನ್ನು ಇರಿಸುವ, ಅವನ್ನು ಹೊತ್ತೊಯ್ಯುವ ಕ್ಷಿಪಣಿಗಳನ್ನು ಪರೀಕ್ಷಿಸುವ ಅಥವಾ ಅವುಗಳಿಗೆ ಬೇಕಾದ ಸಾಮಗ್ರಿ ತಯಾರಿಸುವ ಸೇನಾ ನೆಲೆಗಳ ಬಾಗಿಲಲ್ಲಿ ಸಾಮಾನ್ಯ ಮಹಿಳೆಯರು ನಡೆಸಿಕೊಂಡು ಬಂದ ಅಹಿಂಸಾತ್ಮಕ ಚಳವಳಿ. ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ಶಾಂತಿ ಶಿಬಿರ (1981–2000) ಇದರ ಅತ್ಯಂತ ಪ್ರಸಿದ್ಧ ಅಧ್ಯಾಯ. ಭಾರತದಲ್ಲಿ ಒಡಿಶಾದ ಬಲಿಯಾಪಾಲ್ ಹೋರಾಟ ಇದಕ್ಕೆ ಹತ್ತಿರದ್ದು. ಕರ್ನಾಟಕದಲ್ಲಿ ಕೈಗಾ ಮತ್ತು ಚಳ್ಳಕೆರೆಯ ಪ್ರತಿರೋಧಗಳನ್ನು ಇದರ ಜೊತೆಗಿಟ್ಟು ನೋಡಬೇಕು. ಈ ಚಳವಳಿಯ ಚರಿತ್ರೆಯನ್ನು ಬಾಂಬಿನ ಭಯದ ಚರಿತ್ರೆಯೆಂದಷ್ಟೇ ಬರೆಯುವುದು ವಾಡಿಕೆ. ಆದರೆ ಇಂಥ ಹಲವು ನೆಲೆಗಳು ಎದ್ದದ್ದು ಊರವರು ದನ ಮೇಯಿಸುತ್ತಿದ್ದ, ಹುಲ್ಲು ಕೊಯ್ಯುತ್ತಿದ್ದ ಜಮೀನಿನಲ್ಲಿ. ಮೊದಲು ಬಂದದ್ದು ಬೇಲಿ, ಆಮೇಲೆ ಬಾಂಬು. ಹೋರಾಟದ ಬಲ ಮತ್ತು ಅದು ನ್ಯಾಯಾಲಯದಲ್ಲಿ ಗಳಿಸಿದ ಬಹುದೊಡ್ಡ ಜಯ ಎರಡೂ ಈ ಸಂಗತಿಯಲ್ಲಿ ಬೇರು ಬಿಟ್ಟಿವೆ.

ಹಿನ್ನೆಲೆ

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಜಲಜನಕ ಬಾಂಬನ್ನು ಪರೀಕ್ಷಿಸಿತು. ಅದರ ವಿಕಿರಣ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಬಿತ್ತು. ಮಾರುಕಟ್ಟೆಗೆ ಬರುವ ಮೀನು ತಿನ್ನಬಹುದೇ ಎಂಬ ಅಡುಗೆಮನೆಯ ಆತಂಕವೇ ಟೋಕಿಯೊದ ಸುಗಿನಾಮಿ ಬಡಾವಣೆಯ ಗೃಹಿಣಿಯರನ್ನು ಸಹಿ ಸಂಗ್ರಹಕ್ಕೆ ಇಳಿಸಿತು. ಬಾಂಬ್ ನಿಷೇಧ ಕೋರುವ ಆ ಮನವಿ ಒಂದೇ ವರ್ಷದಲ್ಲಿ ದೇಶದ ತುಂಬ ಹಬ್ಬಿ 3 ಕೋಟಿಗೂ ಹೆಚ್ಚು ಸಹಿ ಪಡೆಯಿತು. 1955ರ ಆಗಸ್ಟ್‌ನಲ್ಲಿ ಹಿರೋಷಿಮಾದಲ್ಲಿ ನಡೆದ ಮೊದಲ ವಿಶ್ವ ಸಮ್ಮೇಳನಕ್ಕೆ ಇದೇ ಬುನಾದಿ. ಅಮೆರಿಕದಲ್ಲಿ 1961ರ ನವೆಂಬರ್ 1ರಂದು ಸುಮಾರು 50,000 ಮಹಿಳೆಯರು ಒಂದು ದಿನದ ಮಟ್ಟಿಗೆ ಮನೆಗೆಲಸ, ಕಚೇರಿ ಕೆಲಸ ಬಿಟ್ಟು ಹತ್ತಾರು ನಗರಗಳಲ್ಲಿ ಬೀದಿಗಿಳಿದರು. ಪರೀಕ್ಷೆಗಳಿಂದ ಗಾಳಿಗೆ ಸೇರಿದ ಸ್ಟ್ರಾನ್ಷಿಯಂ–90 ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಎಲುಬಿಗೆ ಸೇರುತ್ತಿದೆ ಎಂಬುದು ಆಗ ತಾಯಂದಿರಿಗೆಲ್ಲ ತಿಳಿದಿತ್ತು. ವಾತಾವರಣ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1963ರ ಆಗಸ್ಟ್ 5ರಂದು ಸಹಿ ಬಿತ್ತು.

ಅಷ್ಟಾಗಿ ಹೆಸರಾಗದ ಇನ್ನೊಂದು ಹೋರಾಟ ಫೂಜಿ ಪರ್ವತದ ಬುಡದ್ದು. ಅಲ್ಲಿನ ಕಿತಾ ಫೂಜಿ ಸೇನಾ ತರಬೇತಿ ಮೈದಾನ, ಹಳ್ಳಿಗರು ತಲೆಮಾರುಗಳಿಂದ ಹುಲ್ಲು ಸೌದೆ ತರುತ್ತಿದ್ದ ಸಾಮೂಹಿಕ ಭೂಮಿ. ಗುಂಡಿನ ತಾಲೀಮು ನಡೆಯುವ ಬಯಲಿನಲ್ಲೇ ಹಳ್ಳಿಯ ವಯಸ್ಸಾದ ಹೆಂಗಸರು ಗುಡಿಸಲು ಕಟ್ಟಿ ಕೂತರು. ಕಿತ್ತರೆ ಮತ್ತೆ ಕಟ್ಟಿದರು. ಗ್ರೀನ್‌ಹ್ಯಾಮ್‌ಗೆ ಎಷ್ಟೋ ವರ್ಷ ಮೊದಲೇ ಈ ಅಜ್ಜಿಯರು ಶಿಬಿರ ಹೋರಾಟದ ದಾರಿ ತೋರಿಸಿದ್ದರು.

ಗ್ರೀನ್‌ಹ್ಯಾಮ್ ಕಾಮನ್

ಲಂಡನ್ನಿನ ಪಶ್ಚಿಮಕ್ಕಿರುವ ನ್ಯೂಬರಿ ಪಟ್ಟಣದ ಅಂಚಿನ ಗ್ರೀನ್‌ಹ್ಯಾಮ್ ಕಾಮನ್ ನಮ್ಮ ಗೋಮಾಳದಂಥ ಜಾಗ. ಸುತ್ತಲಿನ ನಿವಾಸಿಗಳಿಗೆ ಅಲ್ಲಿ ದನಕರು ಮೇಯಿಸುವ, ಸೌದೆ ತರುವ ಹಕ್ಕು ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಅದನ್ನು ವಾಯುನೆಲೆಗಾಗಿ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅದು ಅಮೆರಿಕದ ವಾಯುಪಡೆಯ ಕೈಸೇರಿತು. 1979ರ ಡಿಸೆಂಬರ್ 12ರಂದು ನ್ಯಾಟೊ ಕೂಟ ಪಶ್ಚಿಮ ಯೂರೋಪಿನಲ್ಲಿ 572 ಅಣ್ವಸ್ತ್ರ ಕ್ಷಿಪಣಿಗಳನ್ನು ನಿಲ್ಲಿಸಲು ತೀರ್ಮಾನಿಸಿತು. ಅವುಗಳಲ್ಲಿ 96 ಕ್ರೂಸ್ ಕ್ಷಿಪಣಿಗಳು ಗ್ರೀನ್‌ಹ್ಯಾಮ್ ಪಾಲಿಗೆ ಬಂದವು. ಈ ಬಗ್ಗೆ ಸುತ್ತಲಿನ ಜನರನ್ನು ಯಾರೂ ಕೇಳಿರಲಿಲ್ಲ.

ವೇಲ್ಸ್‌ನ ಆ್ಯನ್ ಪೆಟಿಟ್ ಮತ್ತು ಗೆಳತಿಯರು ಹೂಡಿದ ಕಾಲ್ನಡಿಗೆ ಜಾಥಾ 1981ರ ಆಗಸ್ಟ್ 27ರಂದು ಕಾರ್ಡಿಫ್‌ನಿಂದ ಹೊರಟಿತು. 36 ಮಹಿಳೆಯರು, ನಾಲ್ವರು ಗಂಡಸರು, ಕೆಲವು ಮಕ್ಕಳು ಸುಮಾರು 190 ಕಿ.ಮೀ. ನಡೆದು ಸೆಪ್ಟೆಂಬರ್ 5ರಂದು ನೆಲೆಯ ಬಾಗಿಲು ತಲುಪಿದರು. ಕ್ಷಿಪಣಿಗಳ ವಿಷಯವಾಗಿ ಸರ್ಕಾರ ತಮ್ಮೊಂದಿಗೆ ದೂರದರ್ಶನದಲ್ಲಿ ಬಹಿರಂಗ ಚರ್ಚೆ ನಡೆಸಲಿ ಎಂಬುದೊಂದೇ ಅವರ ಬೇಡಿಕೆ. ಮತದಾನದ ಹಕ್ಕಿಗಾಗಿ ಹೋರಾಡಿದ ಹಿಂದಿನ ತಲೆಮಾರಿನ ಹೆಂಗಸರಂತೆ ಕೆಲವರು ಬೇಲಿಗೆ ಸರಪಳಿಯಿಂದ ತಮ್ಮನ್ನು ಬಿಗಿದುಕೊಂಡರು. ಸರ್ಕಾರ ಉತ್ತರ ಕೊಡಲಿಲ್ಲ. ಉತ್ತರ ಬರುವವರೆಗೆ ಇಲ್ಲೇ ಇರುತ್ತೇವೆ ಎಂದು ಕೂತದ್ದು 19 ವರ್ಷ ನಡೆಯಿತು. ಬಂದವರಲ್ಲಿ ಹೆಚ್ಚಿನವರಿಗೆ ರಾಜಕೀಯ ಪಕ್ಷವಾಗಲಿ ಸಂಘಟನೆಯಾಗಲಿ ಇರಲಿಲ್ಲ.

1982ರ ಫೆಬ್ರವರಿಯಲ್ಲಿ ಶಿಬಿರದಲ್ಲಿ ಮಹಿಳೆಯರು ಮಾತ್ರ ಉಳಿಯಬೇಕೆಂಬ ತೀರ್ಮಾನವಾಯಿತು. ಗಂಡಸರಿದ್ದಲ್ಲಿ ಮಾತು ಮತ್ತು ಮುಂದಾಳುತನ ತಾನಾಗಿ ಅವರ ಕಡೆ ಜಾರುತ್ತದೆ, ಪೊಲೀಸರೊಂದಿಗೆ ಘರ್ಷಣೆಯೂ ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅನುಭವ ಇದರ ಹಿಂದಿತ್ತು. ಚಳವಳಿಯ ಹಿತೈಷಿಗಳಲ್ಲೇ ಹಲವರು ಇದನ್ನು ವಿರೋಧಿಸಿದರು. ಮುಂದೆ ನಡೆದದ್ದನ್ನು ನೋಡಿದರೆ ತೀರ್ಮಾನ ಸರಿಯಾಗಿತ್ತು ಎನ್ನಲೇಬೇಕು. ನಾಯಕಿಯಿಲ್ಲದೆ, ಎಲ್ಲರೂ ಸುತ್ತ ಕೂತು ಮಾತಾಡಿ ನಿರ್ಧರಿಸುವ ಕ್ರಮ ಅಲ್ಲಿ ಬೆಳೆಯಿತು. ನೆಲೆಯ ಸುತ್ತ ಸುಮಾರು 14 ಕಿ.ಮೀ. ತಂತಿ ಬೇಲಿ. ಅದರ ಒಂದೊಂದು ಬಾಗಿಲಲ್ಲಿ ಒಂದೊಂದು ಬಿಡಾರ. ಬಿಡಾರಗಳಿಗೆ ಹಳದಿ, ಹಸಿರು, ನೀಲಿ, ಕಿತ್ತಳೆ ಎಂದು ಬಣ್ಣದ ಹೆಸರು. ಡೇರೆ ಹಾಕಿದರೆ ಕಿತ್ತೊಯ್ಯುತ್ತಿದ್ದರು. ಹಾಗಾಗಿ ಬಾಗಿಸಿದ ಕೊಂಬೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರಡಿ ಮಲಗುತ್ತಿದ್ದರು. ನಗರಸಭೆಯ ಆಳುಗಳು ಬಂದು ಒಲೆಯಾರಿಸಿ, ಹಾಸಿಗೆ ಪಾತ್ರೆಗಳನ್ನೆಲ್ಲ ಕಸದ ಲಾರಿಗೆ ಎಸೆಯುವುದು ಮಾಮೂಲಿಯಾಯಿತು. ಲಾರಿ ತಿರುಗಿದೊಡನೆ ಅದೇ ಜಾಗದಲ್ಲಿ ಮತ್ತೆ ಬೆಂಕಿ ಹೊತ್ತುತ್ತಿತ್ತು. ನ್ಯೂಬರಿಯ ಅನೇಕ ನಿವಾಸಿಗಳು ಇವರನ್ನು ಸಹಿಸಲಿಲ್ಲ. ಕೆಲವು ಅಂಗಡಿ, ಪಾನಗೃಹಗಳಲ್ಲಿ ಇವರಿಗೆ ಪ್ರವೇಶವಿರಲಿಲ್ಲ. ಪತ್ರಿಕೆಗಳು ಕೊಳಕರು, ಮಕ್ಕಳನ್ನು ಬಿಟ್ಟು ಬಂದವರು ಎಂದು ಜರೆದವು. ಮಕ್ಕಳನ್ನು ಬಿಟ್ಟು ಯುದ್ಧಕ್ಕೆ ಹೋಗುವ ಗಂಡಸರನ್ನು ಯಾರೂ ಹಾಗೆ ಜರೆಯುವುದಿಲ್ಲ.

1982ರ ಡಿಸೆಂಬರ್ 12ರಂದು, ನ್ಯಾಟೊ ತೀರ್ಮಾನಕ್ಕೆ ಮೂರು ವರ್ಷ ತುಂಬಿದ ದಿನ, ಸುಮಾರು 30,000 ಮಹಿಳೆಯರು ಕೈಕೈ ಹಿಡಿದು ಇಡೀ ನೆಲೆಯನ್ನು ಸುತ್ತುವರಿದರು. ಬೇಲಿಯ ಉದ್ದಕ್ಕೂ ಕೂಸಿನ ಅಂಗಿ, ಮನೆಯವರ ಭಾವಚಿತ್ರ, ಉಣ್ಣೆಯ ದಾರದಲ್ಲಿ ಹೆಣೆದ ಬಲೆಗಳನ್ನು ಕಟ್ಟಿದರು. 1983ರ ಹೊಸವರ್ಷದ ನಸುಕಿನಲ್ಲಿ 44 ಮಂದಿ ಏಣಿಯಿಟ್ಟು ಬೇಲಿ ದಾಟಿ, ಕಟ್ಟುತ್ತಿದ್ದ ಕ್ಷಿಪಣಿ ಕೋಠಿಯ ಮೇಲೆ ಹತ್ತಿ ಕುಣಿದರು. ಅವರಲ್ಲಿ ಹೆಚ್ಚಿನವರು ಜೈಲಿಗೆ ಹೋದರು. ಅದೇ ವರ್ಷ ಏಪ್ರಿಲ್ 1ರಂದು ಸುಮಾರು 70,000 ಜನ ಗ್ರೀನ್‌ಹ್ಯಾಮ್ ಮತ್ತು ಅಣ್ವಸ್ತ್ರ ಕಾರ್ಖಾನೆಗಳಿರುವ ಆಲ್ಡರ್‌ಮಾಸ್ಟನ್, ಬರ್ಗ್‌ಫೀಲ್ಡ್‌ಗಳನ್ನು ಕೂಡಿಸುವ 23 ಕಿ.ಮೀ. ಉದ್ದದ ಮಾನವ ಸರಪಳಿಯಾದರು. ಅಕ್ಟೋಬರ್‌ನಲ್ಲಿ ಮಹಿಳೆಯರು ತಂತಿ ಕತ್ತರಿ ಹಿಡಿದು ಬೇಲಿಯ ಹಲವು ಕಿಲೋಮೀಟರನ್ನು ಕತ್ತರಿಸಿ ಕೆಡವಿದರು. ಇಷ್ಟಾದರೂ ನವೆಂಬರ್ 14ರಂದು ಮೊದಲ ಕ್ಷಿಪಣಿಗಳು ಬಂದಿಳಿದವು.

ಸೋಲು ಎಂದು ಕಂಡ ಈ ಘಟ್ಟದ ನಂತರವೇ ಶಿಬಿರದ ಅತಿ ಚುರುಕಾದ ಕೆಲಸ ಶುರುವಾಯಿತು. ಯುದ್ಧ ಬಂದಾಗ ಕ್ಷಿಪಣಿಗಳನ್ನು ಲಾರಿಗಳಲ್ಲಿ ಗುಟ್ಟಾಗಿ ಹಳ್ಳಿಗಾಡಿಗೆ ಸಾಗಿಸಿ ಅಲ್ಲಿಂದ ಹಾರಿಸುವುದು ಸೇನೆಯ ಯೋಜನೆ. ಅದರ ತಾಲೀಮಿಗೆ ಲಾರಿಗಳ ಸಾಲು ರಾತ್ರಿ ಹೊರಟಾಗಲೆಲ್ಲ ಬಾಗಿಲ ಬಿಡಾರದವರು ಸುದ್ದಿ ಮುಟ್ಟಿಸುತ್ತಿದ್ದರು. ‘ಕ್ರೂಸ್‌ವಾಚ್’ ಎಂಬ ಜಾಲದ ಕಾರ್ಯಕರ್ತರು ದಾರಿಯುದ್ದಕ್ಕೂ ಬೆನ್ನು ಹತ್ತಿ, ಬಣ್ಣ ಎರಚಿ, ಅಡ್ಡ ನಿಂತು ಎಲ್ಲಿಗೆ ಹೋಯಿತೆಂದು ಲೋಕಕ್ಕೆ ತಿಳಿಸುತ್ತಿದ್ದರು. ಗುಟ್ಟು ಉಳಿಯಲೇ ಇಲ್ಲ.

1987ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೋರ್ಬಚೆವ್ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಪೂರ್ತಿ ನಿರ್ಮೂಲ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಗ್ರೀನ್‌ಹ್ಯಾಮ್‌ನ ಕೊನೆಯ ಕ್ಷಿಪಣಿಗಳು 1991ರ ಮಾರ್ಚ್‌ನಲ್ಲಿ ಹೊರಟುಹೋದವು. ಒಪ್ಪಂದಕ್ಕೆ ಸೋವಿಯತ್ ಒಳಗಿನ ಬದಲಾವಣೆಯೇ ಮುಖ್ಯ ಕಾರಣ ಎನ್ನುವ ಇತಿಹಾಸಕಾರರ ಮಾತಿನಲ್ಲಿ ಹುರುಳಿದೆ. ಆದರೆ ಜನ ಮರೆತುಬಿಡಬಹುದಾಗಿದ್ದ ಆ ಕ್ಷಿಪಣಿಗಳನ್ನು ದಿನವೂ ಜನರ ಕಣ್ಣೆದುರು ಇಟ್ಟದ್ದು ಬೇಲಿಯಾಚೆ ಕೂತ ಹೆಂಗಸರು. ಆ ಪಾಲನ್ನು ಅವರಿಗೆ ಕೊಡದ ಚರಿತ್ರೆ ಅರೆಬರೆ. 1989ರ ಆಗಸ್ಟ್ 5ರಂದು ಶಿಬಿರದ ಹೆಲೆನ್ ಥಾಮಸ್ ಎಂಬ 22 ವರ್ಷದ ಯುವತಿ ನೆಲೆಯ ಮುಂದಿನ ರಸ್ತೆಯಲ್ಲಿ ಪೊಲೀಸ್ ವಾಹನ ಬಡಿದು ತೀರಿಕೊಂಡಳು.

ನೆಲದ ಹಕ್ಕು

1985ರಲ್ಲಿ ರಕ್ಷಣಾ ಇಲಾಖೆ ಹೊಸ ಉಪನಿಯಮಗಳನ್ನು ತಂದು ನೆಲೆಯೊಳಗೆ ಕಾಲಿಡುವುದನ್ನೇ ಅಪರಾಧ ಮಾಡಿತು. ನೂರಾರು ಮಹಿಳೆಯರಿಗೆ ಶಿಕ್ಷೆಯಾಯಿತು. ಜೀನ್ ಹಚಿನ್‌ಸನ್ ಮತ್ತು ಜಾರ್ಜಿನಾ ಸ್ಮಿತ್ ಎಂಬಿಬ್ಬರು ಶಿಬಿರವಾಸಿಗಳು ಈ ನಿಯಮಗಳನ್ನೇ ಪ್ರಶ್ನಿಸಿದರು. ನಿಯಮ ರಚಿಸಲು ಆಧಾರವಾಗಿದ್ದ 1892ರ ಸೇನಾ ಭೂಮಿ ಕಾಯಿದೆಯೇ, ಗೋಮಾಳದಲ್ಲಿ ಊರವರಿಗಿರುವ ಹಕ್ಕಿಗೆ ಧಕ್ಕೆ ತರಬಾರದು ಎನ್ನುತ್ತಿತ್ತು. ಪ್ರಕರಣ ಮೇಲ್ಮನವಿಗಳನ್ನು ದಾಟಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಪೀಠಕ್ಕೆ ಹೋಯಿತು. 1990ರಲ್ಲಿ ಉಪನಿಯಮಗಳು ಅಸಿಂಧು ಎಂದು ತೀರ್ಪು ಬಂತು. ಅಣುಬಾಂಬಿನ ಬೇಲಿಯನ್ನು ಕಾನೂನಿನಲ್ಲಿ ಕೆಡವಿದ್ದು ಯಾವ ಶಾಂತಿ ಸಿದ್ಧಾಂತವೂ ಅಲ್ಲ, ದನ ಮೇಯಿಸುವ ಹಳೆಯ ಹಕ್ಕು. ಅಮೆರಿಕದ ಪಡೆ ತೆರಳಿದ ಮೇಲೆ ಬೇಲಿ ತೆಗೆದರು. 2000ದಲ್ಲಿ ಬಯಲು ಸಾರ್ವಜನಿಕರಿಗೆ ತೆರೆಯಿತು, ಶಿಬಿರವೂ ಅದೇ ವರ್ಷ ಮುಗಿಯಿತು. 2002ರಲ್ಲಿ ಸಂಸತ್ತು ಕಾಯಿದೆ ಮಾಡಿ ಊರವರ ಹಕ್ಕನ್ನು ಮತ್ತೆ ಸ್ಥಾಪಿಸಿತು. ಈಗ ಅಲ್ಲಿ ದನಗಳು ಮೇಯುತ್ತವೆ.

ಗ್ರೀನ್‌ಹ್ಯಾಮ್ ಮಾದರಿ ಬೇಗ ಹಬ್ಬಿತು. 1983ರಲ್ಲಿ ಇಟಲಿಯ ಕೊಮಿಸೊದಲ್ಲಿ, ಅಮೆರಿಕದ ಸೆನೆಕಾ ಸೇನಾ ಕೋಠಿಯ ಪಕ್ಕದಲ್ಲಿ ಮಹಿಳಾ ಶಿಬಿರಗಳು ಎದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ಪೈನ್ ಗ್ಯಾಪ್ ನೆಲೆಯಲ್ಲಿ ಬಂಧಿತರಾದ 111 ಮಹಿಳೆಯರೂ ಪೊಲೀಸರಿಗೆ ಒಂದೇ ಹೆಸರು ಬರೆಸಿದರು: ಕ್ಯಾರೆನ್ ಸಿಲ್ಕ್‌ವುಡ್, ಅಣು ಕಾರ್ಖಾನೆಯ ಸುರಕ್ಷೆ ಪ್ರಶ್ನಿಸಿ 1974ರಲ್ಲಿ ತೀರಿಕೊಂಡ ಅಮೆರಿಕದ ಕಾರ್ಮಿಕಳ ಹೆಸರು.

ಭಾರತದಲ್ಲಿ

ಭಾರತದ ಅಣ್ವಸ್ತ್ರಗಳು ಎಲ್ಲಿವೆ ಎಂದು ಸರ್ಕಾರ ಹೇಳುವುದಿಲ್ಲ. ಹೋಗಿ ಕೂರಲು ಬಾಗಿಲೇ ಇಲ್ಲ. ಆದ್ದರಿಂದ ಇಲ್ಲಿನ ಪ್ರತಿರೋಧ ಕ್ಷಿಪಣಿ ಪರೀಕ್ಷಾ ನೆಲೆ, ಯುರೇನಿಯಂ ಗಣಿ, ಅಣುಸ್ಥಾವರಗಳ ಎದುರು ನಡೆದಿದೆ. 1980ರ ದಶಕದಲ್ಲಿ ಒಡಿಶಾದ ಬಾಲಸೋರ್ ಜಿಲ್ಲೆಯ ಬಲಿಯಾಪಾಲ್, ಭೋಗ್ರಾಯ್ ಪ್ರದೇಶದಲ್ಲಿ ರಾಷ್ಟ್ರೀಯ ಕ್ಷಿಪಣಿ ಪರೀಕ್ಷಾ ನೆಲೆ ಸ್ಥಾಪಿಸುವ ತೀರ್ಮಾನವಾಯಿತು. ವೀಳ್ಯದೆಲೆ, ತೆಂಗು, ಗೋಡಂಬಿ, ಕಡಲೆಕಾಯಿ ಬೆಳೆಯುವ ಹದವಾದ ಕರಾವಳಿ ಅದು. ಊರವರು ದಾರಿಗಳಿಗೆ ಅಡ್ಡಗಟ್ಟೆ ಹಾಕಿ ಸರ್ಕಾರಿ ವಾಹನ ಒಳಬರದಂತೆ ಕಾದರು. ವಾಹನ ಕಂಡರೆ ಶಂಖ ಊದಿ, ತಟ್ಟೆ ಬಡಿದು ಸುದ್ದಿ ಮುಟ್ಟಿಸುವುದು, ಮಕ್ಕಳನ್ನು ಕಟ್ಟಿಕೊಂಡು ರಸ್ತೆಯಲ್ಲಿ ಅಡ್ಡ ಮಲಗುವುದು ಹೆಂಗಸರ ಪಾಲಿನ ಕೆಲಸ. ಊರವರು ಹೀಗೆ ವರ್ಷಗಟ್ಟಲೆ ಕಾದ ಮೇಲೆ ಸರ್ಕಾರ ಅಲ್ಲಿಂದ ಹಿಂದೆ ಸರಿಯಿತು. 1989ರ ಮೇ 22ರಂದು ಅಗ್ನಿ ಕ್ಷಿಪಣಿ ಹಾರಿದ್ದು ಅದೇ ಜಿಲ್ಲೆಯ ಚಾಂದೀಪುರದಿಂದ. ಜಾರ್ಖಂಡಿನ ನೇತರ್‌ಹಾಟ್‌ನ ಗುಂಡಿನ ತಾಲೀಮು ಬಯಲಿನಲ್ಲೂ 1994ರ ಮಾರ್ಚ್‌ನಲ್ಲಿ ಸೇನಾ ವಾಹನಗಳ ಮುಂದೆ ಮೊದಲು ನಿಂತವರು ಆದಿವಾಸಿ ಮಹಿಳೆಯರು. ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿರುದ್ಧ 2011ರ ನಂತರ ಇಡಿಂತಕರೈ ಗ್ರಾಮದ ಮೀನುಗಾರ ಮಹಿಳೆಯರು ಸರದಿ ಉಪವಾಸ ಕೂತರು, ಕೆಲವರು ತಿಂಗಳುಗಟ್ಟಲೆ ಜೈಲು ಕಂಡರು.

ಕರ್ನಾಟಕದಲ್ಲಿ

1998ರ ಮೇ ತಿಂಗಳ ಪೋಖ್ರಾನ್ ಅಣು ಸ್ಫೋಟಗಳ ನಂತರ ದೇಶದಲ್ಲಿ ಶಾಂತಿಯ ಮಾತಾಡಿದವರಲ್ಲಿ ಮಹಿಳೆಯರು ಮುಂದಿದ್ದರು. 2000ದ ಮಾರ್ಚ್‌ನಲ್ಲಿ ನಿರ್ಮಲಾ ದೇಶಪಾಂಡೆ ನೇತೃತ್ವದಲ್ಲಿ ಮಹಿಳೆಯರ ಶಾಂತಿ ಬಸ್ಸು ದೆಹಲಿಯಿಂದ ಲಾಹೋರಿಗೆ ಹೋಯಿತು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು, ಜೆರುಸಲೇಮಿನಲ್ಲಿ 1988ರಲ್ಲಿ ಆರಂಭವಾದ ರೀತಿಯಲ್ಲಿ, ಯುದ್ಧ ಮತ್ತು ಹಿಂಸೆಯ ವಿರುದ್ಧ ಕಪ್ಪು ಉಡುಗೆ ತೊಟ್ಟು ಮೌನವಾಗಿ ಬೀದಿಯಲ್ಲಿ ನಿಲ್ಲುವ ಪರಿಪಾಠ ಬೆಳೆಸಿದರು.

ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ವಿರುದ್ಧ 1980ರ ದಶಕದಲ್ಲಿ ಎದ್ದ ಚಳವಳಿಯಲ್ಲಿ ಹೊನ್ನಾವರ ತಾಲ್ಲೂಕು ಕಾಸರಕೋಡಿನ ಸ್ನೇಹಕುಂಜದ ಡಾ. ಕುಸುಮಾ ಸೊರಬ ಮುಂಚೂಣಿಯಲ್ಲಿದ್ದರು. ಶಿವರಾಮ ಕಾರಂತರು ತಮ್ಮ 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಇದೇ ವಿಷಯ ಹಿಡಿದು ನಿಂತು ಸೋತರು. ಕೈಗಾ ಬಾಂಬಿನ ನೆಲೆಯಲ್ಲ. ಆದರೆ 2006ರಲ್ಲಿ ಭಾರತ ತನ್ನ ನಾಗರಿಕ ಮತ್ತು ಸೈನಿಕ ಅಣು ಸೌಲಭ್ಯಗಳನ್ನು ಬೇರ್ಪಡಿಸಿದಾಗ ಕೈಗಾದ ನಾಲ್ಕೂ ಘಟಕಗಳನ್ನು ಅಂತರರಾಷ್ಟ್ರೀಯ ತಪಾಸಣೆಯಿಂದ ಹೊರಗಿಟ್ಟಿತು. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಗಣಿಗೂ ಸ್ಥಳೀಯರ ವಿರೋಧವಿದೆ.

ಗ್ರೀನ್‌ಹ್ಯಾಮ್ ಕಥೆಗೆ ಕನ್ನಡ ನಾಡಿನಲ್ಲಿ ತೀರ ಹತ್ತಿರ ಬರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾದ ಕಾವಲುಗಳು ಅಲ್ಲಿವೆ. ಹೈದರ್, ಟಿಪ್ಪು ಸೇನೆಯ ತೋಪುಗಳನ್ನು ಎಳೆದದ್ದು ಇದೇ ತಳಿ. ಅಂದರೆ ಈ ಹುಲ್ಲುಗಾವಲು ಹಿಂದೆಯೂ ಸೇನೆಗೆ ದುಡಿದಿದೆ, ಹುಲ್ಲುಗಾವಲಾಗಿಯೇ ಉಳಿದು. 2008ರ ನಂತರದ ಕೆಲವೇ ವರ್ಷಗಳಲ್ಲಿ ಸರ್ಕಾರ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಕೊಟ್ಟಿತು. ಭಾಭಾ ಕೇಂದ್ರದ ಪಾಲಿನ ಜಾಗ ಯುರೇನಿಯಂ ಸಂವರ್ಧನೆಗೆ. ಸುತ್ತಲಿನ ಹಳ್ಳಿಗರಿಗೆ ವಿಷಯ ಗೊತ್ತಾದದ್ದು ಬೇಲಿ, ಗೋಡೆ ಏಳತೊಡಗಿದಾಗ. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ಬಾಗಲಕೋಟೆ ಸೀಮೆಯವರಿಗೆ ಮನೆಗೆ ನೋಟೀಸಾದರೂ ಬಂದಿತ್ತು. ಕಾವಲಿನ ಮೇಲೆ ಯಾರ ಹೆಸರಿನ ಪಹಣಿಯೂ ಇರದ ಕಾರಣ ಇಲ್ಲಿನವರಿಗೆ ಅದೂ ಬರಲಿಲ್ಲ.

ಇಲ್ಲಿನದು ಮಹಿಳೆಯರದೇ ಶಿಬಿರವಲ್ಲ, ಹಳ್ಳಿಗಳ ಒಟ್ಟು ಹೋರಾಟ. ಆದರೆ ನಷ್ಟದ ದೊಡ್ಡ ಪಾಲು ಹೆಂಗಸರದು. ಕಾವಲಿನಲ್ಲಿ ಕುರಿ ಮೇಯ್ದರೆ ಉಣ್ಣೆ. ಉಣ್ಣೆ ಬಂದರೆ ಕುರುಬರ ಮನೆಗಳಲ್ಲಿ ಹೆಂಗಸರು ನೂಲು ತೆಗೆಯುತ್ತಾರೆ, ಹುಣಸೆ ಬೀಜದ ಗಂಜಿ ಹಚ್ಚಿದ ಹಾಸಿನಿಂದ ಚಳ್ಳಕೆರೆ ಕಂಬಳಿ ಏಳುತ್ತದೆ. ಮೇವು, ಸೌದೆಯೂ ಅಲ್ಲಿಂದಲೇ. ಅಮೃತಮಹಲ್ ಕಾವಲು ರಕ್ಷಣೆಯ ಹೋರಾಟ ಸಮಿತಿ ಧರಣಿಗಳನ್ನು ನಡೆಸಿತು. ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಪ್ರಕರಣವನ್ನು ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದಿತು. ಮೇಯಿಸುವ ಹಕ್ಕಿನ ವಾದ ಇಲ್ಲಿ ಬ್ರಿಟನ್ನಿನಲ್ಲಿ ನಿಂತಂತೆ ನಿಲ್ಲಲಿಲ್ಲ. 2014ರ ಆಗಸ್ಟ್ 27ರ ತೀರ್ಪು ಯೋಜನೆಗಳನ್ನು ರದ್ದುಗೊಳಿಸಲಿಲ್ಲ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ಪತ್ರಿಕೆ, ಇಲ್ಲಿ ಸಂವರ್ಧಿಸುವ ಯುರೇನಿಯಂ ಜಲಜನಕ ಬಾಂಬಿಗೂ ಬಳಕೆಯಾಗಬಹುದು ಎಂದು ಬರೆಯಿತು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಚಾಲಕರಹಿತ ವಿಮಾನಗಳ ಹಾರಾಟವೂ ಇಸ್ರೊದ ಮರುಬಳಕೆಯ ಉಡಾವಣಾ ವಾಹನ ಇಳಿಯುವ ಪ್ರಯೋಗಗಳೂ ಅಲ್ಲಿ ನಡೆದಿವೆ.