ನಿವೃತ್ತ ಸೇತುವೆಗಳಿಗೊಂದು ಕೆಲಸ

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಕೆಲಸ ಮುಗಿದದ್ದು 1804ರಲ್ಲಿ. ಟಿಪ್ಪು ಸತ್ತು ಐದು ವರ್ಷವಾಗಿತ್ತು. ರಾಜಧಾನಿ ಮೈಸೂರಿಗೆ ಹೋಗಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹತ್ತು ವರ್ಷದ ಹುಡುಗ. ಟಿಪ್ಪುವಿನ ಕಾಲದಲ್ಲಿ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯನವರೇ ಈಗ ಹೊಸ ದೊರೆಯ ದಿವಾನರು. ಸೇತುವೆಗೆ ಇಟ್ಟ ಹೆಸರು ಮಾತ್ರ ಟಿಪ್ಪುವಿನ ಮೇಲೆ ಸೈನ್ಯ ಕಳಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ರಾಜಕೀಯ ಹೇಗೆ ದಿಕ್ಕು ಬದಲಿಸಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ನಾನು ಇತಿಹಾಸ ಓದಿದವನಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ ಎಂದು ಓಡಾಡಿ ನಿವೃತ್ತನಾದವನು. ಹಾಗಾಗಿ ವೆಲ್ಲೆಸ್ಲಿ ಸೇತುವೆಯ ಹತ್ತಿರ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಕಂಬಕ್ಕೆ, ಕಂಬದ ಮೇಲಿನ ಬೋದಿಗೆಗೆ, ಬೋದಿಗೆಯ ಮೇಲೆ ಕೂತ ಕಲ್ಲಿನ ತೊಲೆಗೆ. ನಮ್ಮ ದೇವಸ್ಥಾನದ ಮಂಟಪ ಕಟ್ಟುವುದೂ ಇದೇ ಕ್ರಮದಲ್ಲಿ. ಕಲ್ಲು ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಬಾಗಿಸಿದರೆ ಮಾತ್ರ ಸಿಡಿಯುತ್ತದೆ. ಅದಕ್ಕೇ ತೊಲೆ ಗಿಡ್ಡವಿರಬೇಕು, ಕಂಬಗಳು ಹತ್ತಿರ ಹತ್ತಿರ ಇರಬೇಕು. ಬೋದಿಗೆ ಎರಡೂ ಕಡೆಯಿಂದ ಒಂದಿಷ್ಟು ಮುಂದೆ ಚಾಚಿ, ತೊಲೆ ದಾಟಬೇಕಾದ ಅಂತರವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಇದನ್ನು ಅವತ್ತಿನ ಕಲ್ಲುಕುಟಿಗರಿಗೆ ಯಾವ ಕೋಡ್ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಇಂಥ ಕಟ್ಟಡದಲ್ಲಿ ತುಕ್ಕು ಹಿಡಿಯಲು ಕಬ್ಬಿಣದ ಸರಳಿಲ್ಲ, ಸವೆಯಲು ಬೇರಿಂಗ್ ಇಲ್ಲ, ಬಾಯಿಬಿಡಲು ಎಕ್ಸ್‌ಪಾನ್ಷನ್ ಜಾಯಿಂಟ್ ಇಲ್ಲ. ನದಿಯ ಪಾತ್ರದಲ್ಲಿ ಬಂಡೆ ಸಿಗುವುದರಿಂದ ಬುಡದ ಮಣ್ಣು ಕೊಚ್ಚಿಹೋಗುವ ಭಯವೂ ಕಡಿಮೆ. ತೊಂದರೆ ಏನೆಂದರೆ, ಕಂಬ ಹೆಚ್ಚಾದಷ್ಟೂ ನೀರಿಗೆ ಅಡ್ಡಿ. ಪ್ರವಾಹದಲ್ಲಿ ತೇಲಿಬಂದ ಮರ, ಬಳ್ಳಿ, ಕಸವೆಲ್ಲ ಕಂಬಗಳ ನಡುವೆ ಸಿಕ್ಕಿಕೊಂಡು ನೀರು ಏರುತ್ತದೆ, ತಳ್ಳುತ್ತದೆ. ಕೆಳಗೆ ಶಿವನಸಮುದ್ರದಲ್ಲಿ 1830ರ ದಶಕದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಸೇತುವೆಗಳೂ ಇದೇ ಜಾತಿಯವು: ಬಂಡೆಯ ಮೇಲೆ ಕೆತ್ತಿದ ಕಲ್ಲುಕಂಬ, ಕಂಬಕ್ಕೆ ಕಂಬ ಸೇರಿಸುವ ಕಲ್ಲಿನ ತೊಲೆ.

ಎತ್ತಿನ ಗಾಡಿಗೆ, ಸೈನ್ಯಕ್ಕೆ ಎಂದು ಕಟ್ಟಿದ ವೆಲ್ಲೆಸ್ಲಿ ಸೇತುವೆ ಮುಂದೆ ಬಸ್ಸನ್ನೂ ಹೊತ್ತಿತು, ಲಾರಿಯನ್ನೂ ಹೊತ್ತಿತು. ಆಮೇಲೆ ಹೆದ್ದಾರಿಗೆ ಅದರ ಅಗಲ ಸಾಲದಾಯಿತು, ಹೊಸ ಸೇತುವೆ ಬಂತು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಬಂದಾಗ ಬೈಪಾಸ್ ಊರನ್ನೇ ಬಳಸಿಕೊಂಡು ಹೋಯಿತು. ಅಂದರೆ ಹಳೆಯದನ್ನು ನಿವೃತ್ತಿಗೊಳಿಸಿದ ಸೇತುವೆಯ ಹೊರೆಯನ್ನೂ ಇನ್ನೊಂದು ಬಂದು ಇಳಿಸಿತು. ಹೆದ್ದಾರಿ ಸೇತುವೆಗಳ ಬಾಳೇ ಹೀಗೆ. ಬಿದ್ದುಹೋಗುವ ಮೊದಲೇ ಅವು ಸಾಲದಾಗುತ್ತವೆ.

ಹೊಸ ಸೇತುವೆ ಉದ್ಘಾಟನೆಯಾದ ಮಾರನೆಯ ದಿನ ಹಳೆಯದರ ಗತಿ ಏನು? ನಮ್ಮಲ್ಲಿ ಮೂರು ದಾರಿ. ಕೆಡವುವುದು, ಸುಮ್ಮನೆ ಬಿಡುವುದು, ಇಲ್ಲವೇ ಒಂದು ದಿಕ್ಕಿನ ವಾಹನಗಳನ್ನು ಅದರ ಮೇಲೇ ಬಿಟ್ಟು ಎರಡನ್ನೂ ದುಡಿಸುವುದು. ಮೂರನೆಯದು ನೋಡಲು ಮಿತವ್ಯಯ. ಮಹಾಡ್‌ನಲ್ಲಿ ಮಾಡಿದ್ದು ಅದನ್ನೇ. ಮುಂಬೈ–ಗೋವಾ ಹೆದ್ದಾರಿಯಲ್ಲಿ ಸಾವಿತ್ರಿ ನದಿಗೆ ಬ್ರಿಟಿಷರ ಕಾಲದ ಕಮಾನು ಸೇತುವೆ. ಪಕ್ಕದಲ್ಲೇ ಹೊಸದೂ ಇತ್ತು. ಹಳೆಯದು ಒಂದು ದಿಕ್ಕಿನ ಹೆದ್ದಾರಿಯ ಹೊರೆಯನ್ನು ಪೂರಾ ಹೊತ್ತುಕೊಂಡೇ ಇತ್ತು. 2016ರ ಆಗಸ್ಟ್ 2ರ ರಾತ್ರಿ, ನದಿ ತುಂಬಿ ಹರಿಯುತ್ತಿದ್ದಾಗ ಕುಸಿಯಿತು. ಎರಡು ಸರ್ಕಾರಿ ಬಸ್ಸುಗಳು ಕೊಚ್ಚಿಹೋದವು. ನಮ್ಮ ಕಾರವಾರದಲ್ಲೂ ಹಾಗೇ ಆಯಿತು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಲಾರಿಯೊಂದನ್ನು ಕರೆದುಕೊಂಡೇ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಅದೇನೂ ಕಲ್ಲಿನ ಕಾಲದ್ದಲ್ಲ, ಸುಮಾರು ನಾಲ್ಕು ದಶಕದ ಕಾಂಕ್ರೀಟ್. ವಯಸ್ಸು ನೋಡಿ ಸೇತುವೆಯ ಆರೋಗ್ಯ ಹೇಳಲಾಗದು.

ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ತನಿಖೆ ಬೇಡ, ಅರಳಿ ಸಸಿ ಸಾಕು. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಕಲ್ಲುಸಂದಿಯ ಗಾರೆಯಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಎರಡೆಲೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರು ಸಂದಿ ಹಿಡಿದು ಒಳಗೆ ಇಳಿದ ಮೇಲೆ ಕಲ್ಲನ್ನೇ ಸರಿಸುತ್ತದೆ. ಮಳೆಗಾಲಕ್ಕೆ ಮುಂಚೆ ಗ್ಯಾಂಗಿನವರು ಮಚ್ಚು ಹಿಡಿದು ಬಂದು ಸವರಿಹೋಗುವುದು ವಾಡಿಕೆ. ಮಂಡ್ಯದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಇದನ್ನು ನೋಡಿ, “ಸಾ, ಮ್ಯಾಲೆ ಕುಯ್ದ್ರೆ ಏನ್ ಬಂತು? ಬೇರು ಒಳ್ಗೇ ಅದಲ್ಲ” ಅನ್ನುತ್ತಿದ್ದ. ಅವನೇ ಸರಿ. ಸವರಿದ ಅರಳಿ ಎರಡರಷ್ಟು ಚಿಗುರುತ್ತದೆ. ಆ ಜಾಗದ ಕಲ್ಲು ಬಿಡಿಸಿ, ಬೇರು ಪೂರ್ತಿ ತೆಗೆದು, ಮತ್ತೆ ಸುಣ್ಣದ ಗಾರೆಯಲ್ಲೇ ಕೂರಿಸಬೇಕು. ಸಿಮೆಂಟ್ ಬಳಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅಕ್ಕಪಕ್ಕದ ಕಲ್ಲು ಪುಡಿಯಾಗುತ್ತದೆ.

ಇದು ದೊಡ್ಡ ಖರ್ಚಿನ ಕೆಲಸವಲ್ಲ. ಆದರೆ ವರ್ಷವರ್ಷ ಮಾಡಬೇಕು. ವರ್ಷವರ್ಷ ಮಾಡಬೇಕಾದರೆ ಅದರ ಮೇಲೆ ದಿನವೂ ಯಾರಾದರೂ ನಡೆದಾಡುತ್ತಿರಬೇಕು. ನಡೆದಾಡುವವರಿದ್ದರೆ ಸಸಿ ಕಾಣುತ್ತದೆ, ಬಿರುಕು ಕಾಣುತ್ತದೆ, ದೂರು ಬರುತ್ತದೆ, ದೂರು ಬಂದರೆ ಹಣ ಬರುತ್ತದೆ. ಕೆಲಸವಿಲ್ಲದ ಸೇತುವೆಗೆ ದೂರು ಕೊಡುವವರೇ ಇಲ್ಲ. ಪಾರಂಪರಿಕ ಎಂದು ಫಲಕ ಹಾಕಿ ಕೈತೊಳೆದುಕೊಳ್ಳುವುದರ ಬಗ್ಗೆ ನನಗಿರುವ ತಕರಾರು ಇಷ್ಟೇ.

ಕೇರಳದ ಪುನಲೂರಿನಲ್ಲಿ ಕಲ್ಲಡ ನದಿಗೆ ತೂಗು ಸೇತುವೆಯೊಂದಿದೆ. ಆಲ್ಬರ್ಟ್ ಹೆನ್ರಿ ಎಂಬ ಎಂಜಿನಿಯರ್ ಕಟ್ಟಿದ್ದು, 1877ರದು. ಜನರಿಗೆ ನಂಬಿಕೆ ಬರಲೆಂದು ಮೇಲೆ ಆನೆಗಳನ್ನು ನಡೆಸಿ, ಕೆಳಗೆ ತಾನು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲಿ ಹೋದನೆಂದು ಊರಿನವರು ಹೇಳುವ ಕತೆ. ವಾಹನಗಳಿಗೆ ಪಕ್ಕದಲ್ಲಿ ಕಾಂಕ್ರೀಟ್ ಸೇತುವೆ ಬಂದ ಮೇಲೆ ಇದು ಸಂರಕ್ಷಿತ ಸ್ಮಾರಕವಾಯಿತು. ಜನ ಈಗ ಮರದ ಹಲಗೆಯ ಮೇಲೆ ನಡೆದು ನದಿ ನೋಡುತ್ತಾರೆ. ಸರಪಣಿ, ಹಲಗೆಗಳ ರಿಪೇರಿಗೆ ಒಂದು ಇಲಾಖೆ ಹೊಣೆಯಾಗಿದೆ. ಮಾಲೀಕನಿದ್ದರೆ ಅರ್ಧ ಕೆಲಸ ಆದಂತೆ.

ಅಹಮದಾಬಾದಿನ ಎಲಿಸ್ ಬ್ರಿಜ್‌ನದು ಬೇರೆಯೇ ಕತೆ. ಸಾಬರಮತಿಗೆ ಮೊದಲು ಕಟ್ಟಿದ್ದ ಮರದ ಸೇತುವೆ 1875ರ ನೆರೆಯಲ್ಲಿ ಹೋಯಿತು. ಉಕ್ಕಿನ ಸೇತುವೆ 1892ರಲ್ಲಿ ಬಂತು. ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್. ಮಂಜೂರಾದದ್ದು 5 ಲಕ್ಷ ರೂಪಾಯಿ. ಆತ ನಾಲ್ಕು ಲಕ್ಷ ಚಿಲ್ಲರೆಯಲ್ಲಿ ಮುಗಿಸಿದ. ಸರ್ಕಾರಕ್ಕೆ ಅನುಮಾನ ಬಂತು: ಇಷ್ಟು ಉಳಿದಿದೆ ಎಂದರೆ ಕಳಪೆ ಮಾಲು ಹಾಕಿರಬೇಕು. ತನಿಖೆ ನಡೆಯಿತು. ಕೆಲಸ ಉತ್ತಮ ದರ್ಜೆಯದು ಎಂದು ವರದಿ ಬಂತು, ರಾವ್ ಸಾಹೇಬ್ ಬಿರುದೂ ಸಿಕ್ಕಿತು. ಎಸ್ಟಿಮೇಟು ಮೀರಿದರೆ ವಿವರಣೆ ಕೇಳುವುದು ನಮಗೆ ಗೊತ್ತು. ಉಳಿಸಿದ್ದಕ್ಕೆ ವಿವರಣೆ ಕೊಟ್ಟ ಎಂಜಿನಿಯರನ್ನು ನಾನು ಕಂಡದ್ದು ಈ ಚರಿತ್ರೆಯಲ್ಲಿ ಮಾತ್ರ.

ನೂರು ವರ್ಷ ದಾಟಿದ ಮೇಲೆ ಆ ಕಿರಿದಾದ ಸೇತುವೆಗೆ ನಗರದ ದಟ್ಟಣೆ ಹೆಚ್ಚಾಯಿತು. 1999ರಲ್ಲಿ ಅದರ ಎರಡೂ ಮಗ್ಗುಲಿಗೆ ಕಾಂಕ್ರೀಟ್ ಸೇತುವೆ ಕಟ್ಟಿ, ಹಳೆಯದನ್ನು ನಡುವೆ ಉಳಿಸಿಕೊಂಡರು. ವಿನ್ಯಾಸದ ಹಂತದಲ್ಲೇ ಹಳೆಯದಕ್ಕೆ ಜಾಗ ಬಿಟ್ಟದ್ದು ಜಾಣತನ. ಆದರೆ ಜಾಗ ಬಿಟ್ಟಷ್ಟು ಸುಲಭವಾಗಿ ಕೆಲಸ ಕೊಡಲಿಲ್ಲ. ಉಕ್ಕಿನ ಕಮಾನುಗಳು ಬಹುಕಾಲ ಸುಮ್ಮನೆ ನಿಂತವು, ನಡುವೆ ಒಮ್ಮೆ ಕೆಡವುವ ಪ್ರಸ್ತಾಪ ಬಂದು ಊರಿನವರ ವಿರೋಧಕ್ಕೆ ಹಿಂದೆ ಸರಿಯಿತು.

ಅದೇ ಗುಜರಾತಿನ ಭರೂಚ್‌ನಲ್ಲಿ ನರ್ಮದೆಯ ಗೋಲ್ಡನ್ ಬ್ರಿಜ್ ಒಂದಾದ ಮೇಲೊಂದು ಉದ್ಯೋಗ ಮಾಡಿದೆ. 1881ರಲ್ಲಿ ರೈಲಿಗೆಂದು ತೆರೆದದ್ದು, 1935ರಲ್ಲಿ ಹೊಸ ರೈಲು ಸೇತುವೆ ಬಂದ ಮೇಲೆ ರಸ್ತೆಗೆ ಬಂತು. 2021ರಲ್ಲಿ ಪಕ್ಕದ ನರ್ಮದಾ ಮೈಯಾ ಸೇತುವೆ ತೆರೆಯುವ ತನಕ ವಾಹನಗಳನ್ನು ದಾಟಿಸಿತು. ರೈಲಿನಿಂದ ಮೋಟಾರಿಗೆ ಇಳಿದದ್ದರಿಂದಲೇ ಅದಕ್ಕೆ ಇನ್ನೊಂದು ಆಯುಷ್ಯ ಸಿಕ್ಕಿತು.

ಈ ವಿಷಯದಲ್ಲಿ ನಾನು ಹೆಚ್ಚು ಮೆಚ್ಚಿದ್ದು ಅಮೆರಿಕದ ಒಂದು ಕಾನೂನನ್ನು. ಒಕ್ಕೂಟ ಸರ್ಕಾರದ ಹಣದಲ್ಲಿ ಹೊಸ ಸೇತುವೆ ಕಟ್ಟಲು ಐತಿಹಾಸಿಕ ಸೇತುವೆಯೊಂದನ್ನು ಕೆಡವಬೇಕಾದರೆ, ಮೊದಲು ಅದನ್ನು ಯಾರಾದರೂ ಪಡೆದುಕೊಳ್ಳುತ್ತೀರಾ ಎಂದು ಕೇಳಬೇಕು. 1987ರಿಂದ ಹೀಗಿದೆ. ಪಡೆಯುವವರು ನಿರ್ವಹಣೆಯನ್ನೂ ಕಾನೂನಿನ ಹೊಣೆಯನ್ನೂ ಒಪ್ಪಿಕೊಳ್ಳಬೇಕು. ಬದಲಿಗೆ ಕೆಡವಲು ತಗಲುತ್ತಿದ್ದ ಖರ್ಚಿನ ಮಟ್ಟದ ತನಕ ಸಹಾಯಧನ ಸಿಗುತ್ತದೆ. ಕೆಡವಲು ಎತ್ತಿಟ್ಟ ದುಡ್ಡಿನಲ್ಲೇ ಉಳಿಸಿಕೊಳ್ಳಿ ಎಂಬ ಲೆಕ್ಕ. ಸರ್ಕಾರಕ್ಕೆ ಹೊಸ ಹೊರೆಯಿಲ್ಲ.

ಟೆನ್ನೆಸ್ಸಿ ರಾಜ್ಯದ ಚಟ್ಟನೂಗಾ ಊರಿನ ವಾಲ್‌ನಟ್ ಸ್ಟ್ರೀಟ್ ಸೇತುವೆ 1891ರದು. 1978ರಲ್ಲಿ ವಾಹನಗಳಿಗೆ ಮುಚ್ಚಿತು, ಕೆಡವುವ ಮಾತೂ ನಡೆಯಿತು. ಊರಿನವರು ಬಿಡಲಿಲ್ಲ. 1993ರಲ್ಲಿ ನಡೆಯುವವರಿಗೆಂದು ತೆರೆಯಿತು. ಇಂದು ನದಿಯ ಎರಡೂ ದಡ ಸೇರಿಸುವ ಅದರ ಮೇಲೆ ಜನ ವಾಕಿಂಗ್ ಹೋಗುತ್ತಾರೆ, ಸೈಕಲ್ ಹೊಡೆಯುತ್ತಾರೆ. ಆದರೆ ಅಲ್ಲಿ ಬರೀ ಸಂತೋಷದ ನೆನಪಿಲ್ಲ. 1906ರಲ್ಲಿ ಎಡ್ ಜಾನ್ಸನ್ ಎಂಬ ಕಪ್ಪು ಯುವಕನನ್ನು ಗುಂಪೊಂದು ಕೊಂದದ್ದು ಇದೇ ಸೇತುವೆಯ ಮೇಲೆ. ಸೇತುವೆಯ ತುದಿಯಲ್ಲಿ 2021ರಿಂದ ಆತನ ಸ್ಮಾರಕವಿದೆ. ಕೆಡವಿದ್ದರೆ ಆ ಘಟನೆಗೆ ನಿಂತು ಹೇಳುವ ಜಾಗವೂ ಇರುತ್ತಿರಲಿಲ್ಲ. ವೆಲ್ಲೆಸ್ಲಿ ಎಂಬ ಹೆಸರಿನ ಬಗ್ಗೆ ನಮ್ಮಲ್ಲಿ ಮುಜುಗರ ಪಡುವವರಿದ್ದಾರೆ. ಹೆಸರೂ ಇರಲಿ, ಅದರ ಪಕ್ಕದಲ್ಲಿ ಪೂರ್ತಿ ಕತೆಯೂ ಇರಲಿ ಎನ್ನುವುದು ನನ್ನ ಅಭಿಪ್ರಾಯ.

ಹೀಗೆಂದು ಹಳೆ ಸೇತುವೆಯನ್ನೆಲ್ಲ ಪ್ರವಾಸಿ ತಾಣ ಮಾಡಿ ಎಂದು ನಾನು ಹೇಳುತ್ತಿಲ್ಲ. ಗುಜರಾತಿನ ಮೋರ್ಬಿಯಲ್ಲಿ ಮಚ್ಚು ನದಿಯ ಹಳೆಯ ತೂಗು ಸೇತುವೆಯನ್ನು ದುರಸ್ತಿಯ ನಂತರ ತೆರೆದದ್ದು 2022ರ ಅಕ್ಟೋಬರ್ 26ರಂದು. 30ರ ಸಂಜೆ ಹರಿದು ಬಿತ್ತು. ಸತ್ತವರು 135 ಜನ. ಅದರ ಮೇಲೆ ಒಂದು ಕಾರೂ ಇರಲಿಲ್ಲ.

ಕಾರು, ಲಾರಿ ತಡೆದರೆ ಹೊರೆ ಹಗುರ ಎಂದು ಎಲ್ಲರೂ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡೋಣ. 5 ಮೀಟರ್ ಅಗಲದ ಒಂಟಿ ಪಥದ ಸೇತುವೆ, 20 ಮೀಟರಿನ ಒಂದು ಸ್ಪ್ಯಾನ್. ಜನ ಕಿಕ್ಕಿರಿಯುವ ಕಡೆ ಚದರ ಮೀಟರಿಗೆ 500 ಕಿಲೋ ಹಿಡಿಯಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ. 100 ಚದರ ಮೀಟರಿಗೆ 50 ಟನ್. ಅದೇ ನಿಯಮದಲ್ಲಿ ಎ ಕ್ಲಾಸ್ ಎನ್ನುವ ವಾಹನದ ಸಾಲಿನ ಒಟ್ಟು ತೂಕ 55.4 ಟನ್. ಜಾತ್ರೆಯ ಜನ, ಲಾರಿಯ ಸಾಲು ಹೆಚ್ಚೂ ಕಡಿಮೆ ಒಂದೇ ತೂಕ. ಜನ ಒಂದೇ ಲಯದಲ್ಲಿ ಹೆಜ್ಜೆ ಹಾಕಿದರೆ, ತೂಗಾಡಿಸಿದರೆ ಅದು ಬೇರೆ. ಆದ್ದರಿಂದ ಹಳೆ ಸೇತುವೆಗೆ ಹೊಸ ಕೆಲಸ ಕೊಡುವಾಗ ಒಮ್ಮೆಗೆ ಎಷ್ಟು ಜನ ಎಂಬುದನ್ನು ಎಂಜಿನಿಯರ್ ಬರೆದುಕೊಡಬೇಕು, ಬಾಗಿಲಲ್ಲಿ ಎಣಿಸುವವರಿರಬೇಕು.

ನಮ್ಮ ರಾಜ್ಯದಲ್ಲಿ ಸರದಿಯಲ್ಲಿ ನಿಂತ ಹಳಬರು ಕಡಿಮೆಯಿಲ್ಲ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಕಮಾನಿನ ಸೇತುವೆಯಾಯಿತು. ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಹಳೆಯ ಕಬ್ಬಿಣದ ಸೇತುವೆ ಶತಮಾನ ಕಂಡದ್ದು. ಎಲ್ಲಕ್ಕೂ ಒಂದೇ ಮದ್ದಿಲ್ಲ. ಒಂದಕ್ಕೆ ದ್ವಿಚಕ್ರ ವಾಹನ ಮತ್ತು ಆಟೋ ಸಾಕು, ಊರಿನವರಿಗೆ ಹೆದ್ದಾರಿ ಹತ್ತುವ ಕಷ್ಟ ತಪ್ಪುತ್ತದೆ. ಇನ್ನೊಂದಕ್ಕೆ ಕುಡಿಯುವ ನೀರಿನ ಪೈಪ್ ಹೊರುವ ಕೆಲಸ. ನದಿಯ ನೀರಿನ ಮಟ್ಟ ಅಳೆಯುವ ಉಪಕರಣ ಕೂರಿಸಲು ಹಳೆ ಕಂಬಕ್ಕಿಂತ ಒಳ್ಳೆಯ ಜಾಗ ಸಿಗದು. ಶ್ರೀರಂಗಪಟ್ಟಣಕ್ಕಂತೂ ನಡೆಯುವ ದಾರಿಯೇ ಸರಿ. ಕೋಟೆ ನೋಡಲು, ರಂಗನಾಥನ ದರ್ಶನಕ್ಕೆ ಬರುವವರು ನದಿಯನ್ನು ಕಾಲ್ನಡಿಗೆಯಲ್ಲಿ ದಾಟಲಿ. ತುಂಬಿದ ಹೊಳೆಯ ದಿನ ಗೇಟು ಮುಚ್ಚಲಿ.

ಇದನ್ನೆಲ್ಲ ಹಳೆ ಸೇತುವೆ ಪಾಳುಬಿದ್ದ ಮೇಲೆ ಯೋಚಿಸಿದರೆ ದುಬಾರಿ. ಹೊಸ ಸೇತುವೆಯ ವಿಸ್ತೃತ ಯೋಜನಾ ವರದಿ (ಡಿಪಿಆರ್) ಬರೆಯುವಾಗಲೇ ಹಳೆಯದಕ್ಕೆ ಒಂದು ಪುಟ ಇರಬೇಕು. ಅದರಲ್ಲಿ ನಾಲ್ಕು ಸಾಲು ಸಾಕು: ನಾಳೆಯಿಂದ ಇದರ ಮಾಲೀಕರು ಗ್ರಾಮ ಪಂಚಾಯಿತಿಯೋ, ಪುರಸಭೆಯೋ, ಪುರಾತತ್ವ ಇಲಾಖೆಯೋ, ಇದರ ಕೆಲಸ ಏನು, ಎಷ್ಟು ಹೊರೆ, ಎಷ್ಟು ಜನ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚಿನ ತಪಾಸಣೆಗೆ, ಅರಳಿ ಬೇರು ಕೀಳುವುದಕ್ಕೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ. ಕೆಲಸ ಕೊಡಲಾಗದ, ನಿಲ್ಲಲಾರದ ಸೇತುವೆಯಾದರೆ ಕೆಡವುವುದೆಂದೇ ಬರೆಯಲಿ. ಅದೂ ಒಂದು ಪ್ರಾಮಾಣಿಕ ಉತ್ತರ. ಆ ಪುಟ ಖಾಲಿಯಿದ್ದರೆ ಮಾತ್ರ ಹೊಸ ಸೇತುವೆಯ ಎಸ್ಟಿಮೇಟಿಗೆ ಯಾರೂ ಸಹಿ ಹಾಕಬಾರದು.