ಮರುಭೂಮಿಯ ಯುದ್ಧ ಕಲಿಸಿದ ಡಬ್ಬದ ಪಾಠ

ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಹೋರಾಡಿದ ಬ್ರಿಟಿಷ್ ಸೇನೆಗೆ ಶತ್ರುವಿನ ಜೊತೆಗೆ ಕಾಟ ಕೊಟ್ಟದ್ದು ಅದರದೇ ಪೆಟ್ರೋಲ್ ಡಬ್ಬಗಳು.

ನಮ್ಮ ಹಳೆಯ ಸೀಮೆಎಣ್ಣೆ ಡಬ್ಬದಂತೆ ನಾಲ್ಕು ಗ್ಯಾಲನ್ ಹಿಡಿಯುವ ತೆಳು ತಗಡಿನ ಡಬ್ಬಗಳವು. ಸೈನಿಕರು ಅವಕ್ಕಿಟ್ಟ ಹೆಸರು ‘ಫ್ಲಿಮ್ಸಿ’, ಅಂದರೆ ಗಟ್ಟಿಯಿಲ್ಲದ್ದು. ಲಾರಿಯ ಕುಲುಕಾಟಕ್ಕೆ ಬೆಸುಗೆ ಬಿಟ್ಟು ಪೆಟ್ರೋಲ್ ಸೋರುತ್ತಿತ್ತು. ಅದರ ಆವಿ ಲಾರಿಯೊಳಗೆ ತುಂಬಿಕೊಂಡರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕಿತ್ತು. ನೆಲೆಯಿಂದ ಹೊರಟ ಪೆಟ್ರೋಲಿನಲ್ಲಿ ಶೇಕಡ 30ರಷ್ಟು ಬಳಕೆದಾರರಿಗೆ ತಲುಪುವ ಮುನ್ನವೇ ನಷ್ಟವಾಗುತ್ತಿದೆ ಎಂಬುದು ದಂಡನಾಯಕ ಜನರಲ್ ಆಕಿನ್‌ಲೆಕ್ ಅವರ ಅಂದಾಜಾಗಿತ್ತು. ಭಾರತೀಯ ಸೈನಿಕರೂ ಇದೇ ರಣರಂಗದಲ್ಲಿದ್ದರು.

ಎದುರಾಳಿ ಜರ್ಮನರ ಬಳಿ ಬೇರೆಯದೇ ಡಬ್ಬವಿತ್ತು. 1930ರ ದಶಕದಲ್ಲಿ ಎಂಜಿನಿಯರ್ ವಿನ್ಸೆಂಟ್ಸ್ ಗ್ರೂನ್‌ಫೋಗೆಲ್ ರೂಪಿಸಿದ ಇದು 20 ಲೀಟರ್ ಹಿಡಿಯುತ್ತಿತ್ತು. ಅಚ್ಚೊತ್ತಿದ ಎರಡು ಉಕ್ಕಿನ ಹೋಳುಗಳನ್ನು ಬೆಸೆದು ಮಾಡಿದ್ದರಿಂದ ಸೋರುತ್ತಿರಲಿಲ್ಲ. ಮುಚ್ಚಳ ತೆಗೆಯಲು ಸ್ಪ್ಯಾನರ್ ಬೇಡ, ಸುರಿಯಲು ಆಲಿಕೆ ಬೇಡ. ಮೇಲೆ ಮೂರು ಹಿಡಿಕೆಗಳಿದ್ದವು. ತುಂಬಿದ ಡಬ್ಬವನ್ನು ಇಬ್ಬರು ಹಿಡಿದು ಸಾಗಿಸಬಹುದಿತ್ತು. ಖಾಲಿಯಾದವನ್ನು ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು ಹೊರಬಹುದಿತ್ತು. ಬಿಸಿಲಿಗೆ ಪೆಟ್ರೋಲ್ ಹಿಗ್ಗಿದರೂ ಒಡೆಯದಂತೆ ಒಳಗೆ ತುಸು ಗಾಳಿಗೆ ಜಾಗ, ಪಕ್ಕದ ತಗಡಿನ ಮೇಲೆ ಅಡ್ಡಗೆರೆಯ ತಗ್ಗು.

ಬ್ರಿಟಿಷ್ ಸೈನಿಕರು ಕೈಗೆ ಸಿಕ್ಕ ಈ ಡಬ್ಬಗಳನ್ನು ಫ್ಲಿಮ್ಸಿಗಿಂತ ಹೆಚ್ಚು ಜೋಪಾನ ಮಾಡಿದರು. ಜರ್ಮನರಿಗೆ ಅವರಿಟ್ಟಿದ್ದ ಅಡ್ಡಹೆಸರು ‘ಜೆರ್ರಿ’. ಹಾಗಾಗಿ ಡಬ್ಬ ‘ಜೆರ್ರಿಕ್ಯಾನ್’ ಆಯಿತು. ಮುಂದೆ ಬ್ರಿಟನ್ ಅದನ್ನು ಹಾಗೆಯೇ ನಕಲು ಮಾಡಿತು. ಅಮೆರಿಕ ಮಾತ್ರ ಆಕಾರವನ್ನು ಉಳಿಸಿಕೊಂಡು ಬೆಸುಗೆಯನ್ನೂ ಮುಚ್ಚಳವನ್ನೂ ಬದಲಿಸಿತು. ಪರಿಣಾಮ, ಸ್ಪ್ಯಾನರ್ ಮತ್ತು ಆಲಿಕೆ ಮತ್ತೆ ಬೇಕಾದವು. ಆದರೂ 1944ರಲ್ಲಿ ಫ್ರಾನ್ಸಿನಲ್ಲಿ ಮಿತ್ರಸೇನೆಗಳ ವೇಗದ ಮುನ್ನಡೆಗೆ ಈ ಡಬ್ಬಗಳೇ ನೆರವಾದವೆಂದು ಅಧ್ಯಕ್ಷ ರೂಸ್‌ವೆಲ್ಟ್ ಹೊಗಳಿದರು.

ಯುದ್ಧ ಮುಗಿದರೂ ಪಾಠ ಹಳತಾಗಿಲ್ಲ. ವಿದ್ಯುತ್ ಕೈಕೊಟ್ಟರೆ ಜನರೇಟರಿಗೆ ಇರಲಿ ಎಂದು ಬಂಕಿನಿಂದ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು ಅಡುಗೆಮನೆಯ ಮೂಲೆಯಲ್ಲಿಡುವವರು ಇಂದಿಗೂ ಇದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲೇ ಹರಡಿ, ದೂರದ ಒಲೆಯನ್ನೂ ಮುಟ್ಟಬಲ್ಲದು. ಇಂಧನಕ್ಕೆಂದೇ ಮಾಡಿದ ಗಟ್ಟಿ ಡಬ್ಬ, ಬಿಗಿ ಮುಚ್ಚಳ, ಕಂಠಮಟ್ಟ ತುಂಬದಿರುವುದು, ವಾಸದ ಮನೆಯಿಂದ ಹೊರಗೆ ನೆರಳಿನ ಜಾಗ: ಇಷ್ಟಿಲ್ಲದಿದ್ದರೆ ಆಪತ್ತಿಗೆಂದು ಕೂಡಿಟ್ಟದ್ದೇ ಆಪತ್ತು ತಂದೀತು.